16ರ ಸರಾಸರಿಯ ಕೀಪರ್ 57 ಟೆಸ್ಟ್ ಆಡಿದ್ದು ಹೇಗೆ?

ಪ್ರಶ್ನೆ: 1980ರ ಮುಂಬೈ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟ ಮೇಲೂ ನಮ್ಮ ಜಿ.ಆರ್. ವಿಶ್ವನಾಥ್ ಅವರು ವಾಪಸ್ ಕರೆದ ಬಾಬ್ ಟೇಲರ್ ಬಗ್ಗೆ ನನ್ನ ತಂದೆ ಈಗಲೂ ಹೇಳುತ್ತಿರುತ್ತಾರೆ. ಆದರೆ ಟೇಲರ್ ಅವರ ಅಂಕಿ-ಅಂಶ ತೆಗೆದು ನೋಡಿದರೆ ಟೆಸ್ಟ್‌ನಲ್ಲಿ ಬ್ಯಾಟಿಂಗ್ ಸರಾಸರಿ ಕೇವಲ 16. ಇಂಥ ಆಟಗಾರ ಇಂಗ್ಲೆಂಡ್ ಪರ 57 ಟೆಸ್ಟ್ ಆಡಿದ್ದು ಹೇಗೆ? ಅವರನ್ನು ಶ್ರೇಷ್ಠ ಕೀಪರ್ ಎನ್ನುವುದು ಯಾವ ಆಧಾರದ ಮೇಲೆ? ಕೌಂಟಿಯಲ್ಲಿ, ಅಂದರೆ ಇಂಗ್ಲೆಂಡಿನ ಪ್ರಾಂತೀಯ ತಂಡಗಳ ಕ್ರಿಕೆಟ್‌ನಲ್ಲಿ, ಅವರ ವೃತ್ತಿಜೀವನ ಹೇಗಿತ್ತು ಎಂದು ವಿವರಿಸುವಿರಾ?

ಉತ್ತರ: ನಿಮ್ಮ ತಂದೆಯವರು ಹೇಳುವ ಘಟನೆಯಿಂದಲೇ ಆರಂಭಿಸುತ್ತೇನೆ. ಆ ಘಟನೆಯನ್ನು ಕನ್ನಡಿಗರಾದ ನಾವು ವಿಶ್ವನಾಥ್ ಅವರ ಕಥೆಯಾಗಿಯೇ ಹೇಳುತ್ತ ಬಂದಿದ್ದೇವೆ, ಅದು ಸಹಜವೂ ಹೌದು. ಆದರೆ ಅಂದು ಕ್ರೀಸಿನಿಂದ ಹೊರಟು ನಿಂತಿದ್ದ ವ್ಯಕ್ತಿ ಅದಾಗಲೇ ಆ ಪಂದ್ಯದಲ್ಲಿ ಏನು ಮಾಡಿ ಮುಗಿಸಿದ್ದರು ಎಂಬುದನ್ನು ನಾವು ಹೆಚ್ಚು ಗಮನಿಸಿಲ್ಲ.

ಅದು ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. 1980ರ ಫೆಬ್ರವರಿ 15ರಂದು ವಾಂಖೆಡೆ ಕ್ರೀಡಾಂಗಣದಲ್ಲಿ ಆರಂಭವಾಯಿತು. ಮರುದಿನವೇ ವಿಶ್ರಾಂತಿಯ ದಿನ, ಏಕೆಂದರೆ ಅಂದು ಸಂಪೂರ್ಣ ಸೂರ್ಯಗ್ರಹಣವಿತ್ತು. ನಮ್ಮ ಅಂಕೋಲಾ, ರಾಯಚೂರುಗಳ ಮೇಲೆ ಹಾದುಹೋದ ಆ ಗ್ರಹಣವನ್ನು ನಿಮ್ಮ ತಂದೆಯವರೂ ಮರೆತಿರಲಾರರು. ಮೊದಲ ದಿನ ಭಾರತ 242ಕ್ಕೆ ಆಲೌಟಾಯಿತು. ಬಿದ್ದ 10 ವಿಕೆಟ್‌ಗಳಲ್ಲಿ 7 ವಿಕೆಟ್ ಕೀಪರ್ ಕ್ಯಾಚ್. ಏಳನ್ನೂ ಹಿಡಿದವರು ಟೇಲರ್. ಹಿಂದಿನ ವರ್ಷವಷ್ಟೇ ಆಕ್ಲೆಂಡಿನಲ್ಲಿ ಪಾಕಿಸ್ತಾನದ ವಾಸಿಮ್ ಬಾರಿ ಸ್ಥಾಪಿಸಿದ್ದ ವಿಶ್ವದಾಖಲೆಯನ್ನು ಅವರು ಅಲ್ಲಿ ಸರಿಗಟ್ಟಿದರು. ಉತ್ತರವಾಗಿ ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಾಗ ಅವರು ಇಯಾನ್ ಬಾಥಮ್ ಜೊತೆಗೂಡಿದರು. ಸ್ವಲ್ಪ ಹೊತ್ತಿಗೆ ಕಪಿಲ್ ದೇವ್ ಎಸೆತದಲ್ಲಿ ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿ ನಿಂತು ಕಂಡಿದ್ದ ನಾಯಕ ವಿಶ್ವನಾಥ್ ಮನವಿಯನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಕರೆದರು. ಆ ಜೊತೆಯಾಟ 171 ರನ್‌ಗೆ ಬೆಳೆಯಿತು. ಬಾಥಮ್ 114 ಹೊಡೆದರು, ಟೇಲರ್ 43. ಎರಡನೆಯ ಇನಿಂಗ್ಸ್‌ನಲ್ಲಿ ಇನ್ನೂ ಮೂರು ಕ್ಯಾಚ್ ಹಿಡಿದು ಒಂದೇ ಟೆಸ್ಟ್‌ನಲ್ಲಿ ಹತ್ತು ಬಲಿ ಪಡೆದ ಮೊದಲ ಕೀಪರ್ ಆದರು. ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು.

ಇನ್ನು ನಿಮ್ಮ ಲೆಕ್ಕಕ್ಕೆ ಬರೋಣ. ಆ 43 ರನ್ ಸರಾಸರಿಯ ಪಟ್ಟಿಯಲ್ಲಿ ಸೇರಿದಾಗ ಅದರ ಬೆಲೆ ಬರೀ 43. ಹತ್ತು ಕ್ಯಾಚ್‌ಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಕೀಪರ್‌ನನ್ನು ಬ್ಯಾಟಿಂಗ್ ಸರಾಸರಿಯಿಂದ ಅಳೆಯುವುದು ಅಕ್ಕಿಯನ್ನು ಮೊಳದಲ್ಲಿ ಅಳೆದಂತೆ. ಟೇಲರ್ ಅವರ ಸರಿಯಾದ ಅಂಕಿ ಬೇರೆಯೇ ಇದೆ: ಪ್ರಥಮ ದರ್ಜೆಯ (ಟೆಸ್ಟ್, ಕೌಂಟಿ ಪಂದ್ಯಗಳೂ ಸೇರಿದ) 639 ಪಂದ್ಯಗಳಲ್ಲಿ 1649 ಬಲಿ, ಅದರಲ್ಲಿ 1473 ಕ್ಯಾಚ್, 176 ಸ್ಟಂಪಿಂಗ್. ಪ್ರಪಂಚದ ಯಾವ ಕೀಪರ್ ಕೂಡ ಅಷ್ಟು ಬಲಿ ಪಡೆದಿಲ್ಲ. ಎರಡನೆಯ ಸ್ಥಾನದಲ್ಲಿರುವ ಮಿಡ್ಲ್‌ಸೆಕ್ಸ್‌ನ ಜಾನ್ ಮರ್ರೆ ಅವರದು 1527. ಈಗಿನ ಕೀಪರ್‌ಗಳು ವರ್ಷಕ್ಕೆ ಆಡುವ ಪ್ರಥಮ ದರ್ಜೆ ಪಂದ್ಯಗಳ ಸಂಖ್ಯೆಯನ್ನು ನೋಡಿದರೆ ಈ ದಾಖಲೆಯನ್ನು ಇನ್ನು ಯಾರೂ ಮುಟ್ಟಲಾರರು ಎಂದು ಧೈರ್ಯವಾಗಿ ಹೇಳಬಹುದು. ಮತ್ತೊಂದು ಮಾತು: ಈ 1649ರಲ್ಲಿ ಟೆಸ್ಟ್ ಪಂದ್ಯಗಳಲ್ಲಿ ಬಂದವು 174 ಮಾತ್ರ. ಅಂದರೆ ಟೇಲರ್ ಮೊದಲು ಕೌಂಟಿ ಕೀಪರ್, ಆಮೇಲೆ ಟೆಸ್ಟ್ ಕೀಪರ್. ಅವರ ಬದುಕನ್ನು ಅರ್ಥಮಾಡಿಕೊಳ್ಳಬೇಕಾದರೆ ಲಾರ್ಡ್ಸ್‌ಗೆ ಹೋಗುವ ಮುನ್ನ ಅವರ ಕೌಂಟಿ ಡರ್ಬಿಷೈರ್‌ನ ಡರ್ಬಿಗೆ ಹೋಗಬೇಕು.

ಅವರು ಹುಟ್ಟಿದ್ದು 1941ರ ಜುಲೈ 17ರಂದು, ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ಊರಿನಲ್ಲಿ. ಆ ಊರಿರುವ ಸ್ಟ್ಯಾಫರ್ಡ್‌ಷೈರ್ ಪ್ರಥಮ ದರ್ಜೆಯ ಕೌಂಟಿಯಲ್ಲ, ಕಿರಿಯ ಕೌಂಟಿಗಳಲ್ಲಿ ಒಂದು. ಹದಿಹರೆಯದಲ್ಲೇ ಅದರ ಪರ ಆಡಿ, 1960ರಲ್ಲಿ ಕಿರಿಯ ಕೌಂಟಿಗಳ ಸಂಯುಕ್ತ ತಂಡದಲ್ಲಿ ಪ್ರವಾಸಿ ದಕ್ಷಿಣ ಆಫ್ರಿಕಾ ವಿರುದ್ಧ ತಮ್ಮ ಮೊದಲ ಪ್ರಥಮ ದರ್ಜೆ ಪಂದ್ಯ ಆಡಿದರು. ಮರುವರ್ಷ ನೆರೆಯ ಡರ್ಬಿಷೈರ್‌ನ ಅನುಭವಿ ಕೀಪರ್ ಜಾರ್ಜ್ ಡಾಕ್ಸ್ ಗಾಯಗೊಂಡಾಗ ಅವರ ಜಾಗಕ್ಕೆ ಟೇಲರ್ ಬಂದರು. ಬಂದವರು 1984ರವರೆಗೆ ಬಹುತೇಕ ಆ ಜಾಗ ಬಿಡಲಿಲ್ಲ. ಒಬ್ಬ ಕೀಪರ್‌ನ ಭಾಗ್ಯದ ಬಾಗಿಲು ಇನ್ನೊಬ್ಬ ಕೀಪರ್‌ನ ನೋವಿನಿಂದಲೇ ತೆರೆಯುತ್ತದೆ. ತಂಡದಲ್ಲಿ ದಾಂಡಿಗರು ಆರು ಜನ, ಬೌಲರ್‌ಗಳು ನಾಲ್ಕೈದು ಜನ. ಕೀಪರ್‌ಗೆ ಮಾತ್ರ ಇರುವುದು ಒಂದೇ ಕುರ್ಚಿ. ಟೇಲರ್ ಅವರ ಮುಂದಿನ ಕಥೆಗೂ ಇದೇ ಮಾತು ಅನ್ವಯಿಸುತ್ತದೆ.

ಡರ್ಬಿಷೈರ್ ಶ್ರೀಮಂತ ಕೌಂಟಿಯಲ್ಲ. ಕೌಂಟಿ ಚಾಂಪಿಯನ್‌ಷಿಪ್ ಗೆದ್ದಿರುವುದು ಒಂದೇ ಸಲ, 1936ರಲ್ಲಿ. ಆದರೆ ಅಲ್ಲಿ ವೇಗದ ಬೌಲರ್‌ಗಳಿಗೆ ಎಂದೂ ಬರವಿರಲಿಲ್ಲ. ಟೇಲರ್ ಬಂದಾಗ ಕಲ್ಲಿದ್ದಲು ಗಣಿಯಿಂದ ಬಂದ ಲೆಸ್ ಜ್ಯಾಕ್ಸನ್ ಇನ್ನೂ ಬೌಲ್ ಮಾಡುತ್ತಿದ್ದರು. ಹೆರಾಲ್ಡ್ ರೋಡ್ಸ್ ಜೊತೆಯಲ್ಲಿದ್ದರು. ಮುಂದೆ ಅಲನ್ ವಾರ್ಡ್, ಮೈಕ್ ಹೆಂಡ್ರಿಕ್ ಬಂದರು. ಇವರ ಮನೆಯಂಗಳ ಡರ್ಬಿಯ ಹಳೆಯ ಕುದುರೆ ಜೂಜಿನ ಮೈದಾನ. ಮರಗಳ ನಡುವೆ ಸುಂದರವಾದ ಕ್ವೀನ್ಸ್ ಪಾರ್ಕ್ ಚೆಸ್ಟರ್‌ಫೀಲ್ಡ್‌ನಲ್ಲಿ. ಗುಡ್ಡದ ಮೇಲಿನ ಬಕ್ಸ್‌ಟನ್‌ನಲ್ಲಂತೂ 1975ರ ಜೂನ್ 2ರಂದು, ಬೇಸಿಗೆಯ ನಟ್ಟನಡುವೆ, ಹಿಮ ಬಿದ್ದು ಡರ್ಬಿಷೈರ್–ಲ್ಯಾಂಕಾಷೈರ್ ಪಂದ್ಯ ನಿಂತಿತ್ತು. ಬೆರಳುಗಳೇ ಬಂಡವಾಳವಾಗಿರುವವನಿಗೆ ಅಂಥ ಚಳಿಯಲ್ಲಿ ಗಟ್ಟಿ ಚೆಂಡು ಹಿಡಿಯುವುದೆಂದರೆ ಏನೆಂದು ಊಹಿಸಿಕೊಳ್ಳಿ.

ಈಗ ಆ ಕಾಲದ ಕೌಂಟಿ ಆಟಗಾರನ ಒಂದು ವಾರವನ್ನು ನೋಡಿ. ಮೂರು ದಿನಗಳ ಪಂದ್ಯಗಳು, ವಾರಕ್ಕೆ ಎರಡು. ಬುಧವಾರ ಆರಂಭವಾದದ್ದು ಶುಕ್ರವಾರ ಸಂಜೆ ಮುಗಿದರೆ ಶನಿವಾರ ಬೆಳಗ್ಗೆ ಇನ್ನೊಂದು ಊರಿನಲ್ಲಿ ಮತ್ತೊಂದು ಆರಂಭ. 1969ರಿಂದ ಭಾನುವಾರವೂ ಬಿಡುವಿಲ್ಲ, 40 ಓವರ್‌ಗಳ ಲೀಗ್ ಪಂದ್ಯ. ಸೋಮವಾರ, ಮಂಗಳವಾರ ಶನಿವಾರದ ಪಂದ್ಯದ ಮುಂದುವರಿಕೆ. ನಡುವೆ ಕಾರಿನಲ್ಲಿ ನೂರಾರು ಮೈಲಿ ಪ್ರಯಾಣ. ದಿನಪೂರ್ತಿ ಫೀಲ್ಡಿಂಗ್ ಮಾಡಿದರೆ ನೂರಕ್ಕೂ ಹೆಚ್ಚು ಓವರ್, ಅಂದರೆ ಕೀಪರ್ 600ಕ್ಕೂ ಹೆಚ್ಚು ಸಲ ಕುಕ್ಕರಗಾಲಿನಲ್ಲಿ ಕೂತು ಏಳಬೇಕು. ದಾಂಡಿಗನು ಸೊನ್ನೆಗೆ ಔಟಾದರೆ ಪೆವಿಲಿಯನ್‌ನಲ್ಲಿ ಕಾಲು ಚಾಚಿ ಕೂರಬಹುದು, ಬೌಲರ್‌ಗೆ ಸ್ಪೆಲ್ ಮುಗಿದ ಮೇಲೆ ಬೌಂಡರಿ ಬಳಿ ನಿಲ್ಲುವ ಅವಕಾಶವಿದೆ. ಕೀಪರ್‌ಗೆ ಆ ಸೌಕರ್ಯವಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಮಾಡಿದವರು ಟೇಲರ್. ಯಾರೂ ಚಪ್ಪಾಳೆ ತಟ್ಟದ ಸಾವಿರಾರು ಎಸೆತಗಳನ್ನು ಒಂದೂ ಸದ್ದಾಗದಂತೆ ಹಿಡಿದು ಸ್ಲಿಪ್‌ನವರಿಗೆ ಕೊಟ್ಟದ್ದೇ ಅವರ ನಿಜವಾದ ವೃತ್ತಿ. ಕ್ಯಾಚು, ಸ್ಟಂಪಿಂಗುಗಳು ಅದರ ನಡುವೆ ಆಗಾಗ ಬಂದ ಫಲ.

ಸದ್ದಾಗದಂತೆ ಎಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಲೀಗ್ ಕ್ರಿಕೆಟ್‌ನಲ್ಲಿ ಮ್ಯಾಟ್ ಮೇಲೆ ಹಲವು ವರ್ಷ ಕೀಪಿಂಗ್ ಮಾಡಿ, ಆಮೇಲೆ ಹುಡುಗರಿಗೆ ಹೇಳಿಕೊಡುತ್ತ ಬಂದವನು. ಮ್ಯಾಟ್ ಮೇಲೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಆದರೆ ಒಮ್ಮೆ ಪುಟಿದ ಮೇಲೆ ದಾರಿ ಬದಲಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಚೆಂಡು ಬ್ಯಾಟನ್ನೂ ಸ್ಟಂಪನ್ನೂ ದಾಟಿದ ಮೇಲೆ ತೊನೆಯುತ್ತದೆ. ಕೀಪರ್ ಕೈ ಒಡ್ಡಿದ ಜಾಗದಿಂದ ಕೊನೆಯ ಗಳಿಗೆಯಲ್ಲಿ ಅರ್ಧ ಅಡಿ ಆಚೆಗೋ ಈಚೆಗೋ ಸರಿಯುತ್ತದೆ. ಮೊದಲೇ ನಿರ್ಧರಿಸಿ ಕೈ ಬಿಗಿದು ನಿಂತವನ ಬೆರಳ ತುದಿಗೆ ಅದು ಬಡಿಯುತ್ತದೆ. ನನ್ನ ಬಲಗೈಯ ಎರಡು ಬೆರಳು ಇಂದಿಗೂ ನೇರವಾಗಿಲ್ಲ. ಹಾಗೆ ಬಿಗಿದು ಹಿಡಿದುದರ ಫಲ ಅದು. ಟೇಲರ್ ಅವರ ಹಳೆಯ ದೃಶ್ಯಗಳನ್ನು ನೋಡುವಾಗ ಅವರ ಕೈಗಳನ್ನೇ ಗಮನಿಸಿ. ಬೆರಳು ನೆಲದ ಕಡೆಗೆ, ಅಂಗೈ ಚೆಂಡಿನ ಕಡೆಗೆ, ಮೊಣಕೈ ಸಡಿಲ. ಚೆಂಡು ಪುಟಿದೆದ್ದಷ್ಟೇ ವೇಗದಲ್ಲಿ ಅವರೂ ಏಳುತ್ತಾರೆ, ಒಂದು ಕ್ಷಣ ಮೊದಲಲ್ಲ, ಒಂದು ಕ್ಷಣ ತಡವೂ ಅಲ್ಲ. ಚೆಂಡು ಗ್ಲೌಸ್ ಸೇರಿದಾಗ ಕೈ ತುಸು ಹಿಂದಕ್ಕೆ ಸರಿಯುತ್ತದೆ, ನಿದ್ದೆ ಹೋದ ಮಗುವನ್ನು ಇಸಿದುಕೊಳ್ಳುವಾಗ ನಮ್ಮ ಕೈ ಹಿಂದಕ್ಕೆ ಸರಿಯುವಂತೆ. ಹಾರುವುದು, ಉರುಳುವುದು ಬಹಳ ಕಡಿಮೆ. ಪಾದಗಳು ಮೊದಲೇ ಸರಿದಿರುವುದರಿಂದ ಹಾರುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದಲೇ ಪ್ರೇಕ್ಷಕರ ಕಣ್ಣಿಗೆ ಅವರು ಏನೂ ಮಾಡಿದಂತೆ ಕಾಣುತ್ತಿರಲಿಲ್ಲ. ಕೀಪಿಂಗ್ ಬಲ್ಲವರು ಅವರನ್ನು ಅಷ್ಟು ಎತ್ತರದಲ್ಲಿಡಲು ಕಾರಣವೂ ಅದೇ.

ಇದಕ್ಕಿಂತ ಕಷ್ಟದ ಪರೀಕ್ಷೆ ಎಂದರೆ ಸ್ಟಂಪ್‌ಗೆ ಅಂಟಿ ನಿಂತಾಗ ಲೆಗ್ ಸೈಡ್‌ಗೆ ಬರುವ ಎಸೆತ. ಬಲಗೈ ದಾಂಡಿಗನ ಮೈ ಅಡ್ಡ ಬಂದು ಚೆಂಡು ಒಂದು ಕ್ಷಣ ಕಾಣೆಯಾಗುತ್ತದೆ. ಕಾಣದ ಚೆಂಡು ಎಲ್ಲಿ ಹೊರಬಂದೀತೆಂದು ಊಹಿಸಿ ಎಡಕ್ಕೆ ಹೆಜ್ಜೆಯಿಟ್ಟು, ಹಿಡಿದು, ಅದೇ ಚಲನೆಯಲ್ಲಿ ಬೇಲ್ಸ್ ಹಾರಿಸಬೇಕು. ದಾಂಡಿಗನ ಹಿಂಗಾಲು ಗೆರೆಯಿಂದ ಮೇಲಿರುವುದು ರೆಪ್ಪೆ ಬಡಿಯುವಷ್ಟು ಹೊತ್ತು. ಡರ್ಬಿಷೈರ್‌ನಲ್ಲಿ ಟೇಲರ್ ಅವರಿಗೆ ಇಂಥ ಅವಕಾಶ ಹೆಚ್ಚು ಸಿಗಲಿಲ್ಲ. ಅದು ವೇಗಿಗಳ ಕೌಂಟಿ. ಚೆಂಡು ತಿರುಗಿಸುವವರ ಪೈಕಿ 1973ರಿಂದ 1975ರವರೆಗೆ ನಮ್ಮ ವೆಂಕಟರಾಘವನ್ ಅಲ್ಲಿ ಆಡಿದರು, ಆಮೇಲೆ ಆಫ್ ಸ್ಪಿನ್ನರ್ ಜೆಫ್ ಮಿಲ್ಲರ್ ಬೆಳೆದು ಬಂದರು ಎಂಬುದು ನಿಜ. ಆದರೂ ವಿಕೆಟ್‌ಗಳ ಮುಖ್ಯ ಮೂಲ ಹೊಸ ಚೆಂಡೇ. ಕೆಂಟ್‌ನ ಲೆಸ್ ಏಮ್ಸ್ ಅವರನ್ನು ಪಕ್ಕದಲ್ಲಿಟ್ಟು ನೋಡಿ. ಎರಡು ಮಹಾಯುದ್ಧಗಳ ನಡುವಿನ ಆ ಕೀಪರ್ ಒಟ್ಟು 418 ಸ್ಟಂಪಿಂಗ್ ಮಾಡಿದರು, ಏಕೆಂದರೆ ಅವರ ಮುಂದೆ 1928ರ ಒಂದೇ ಋತುವಿನಲ್ಲಿ 304 ವಿಕೆಟ್ ಕಿತ್ತ ಲೆಗ್ ಸ್ಪಿನ್ನರ್ ಟಿಚ್ ಫ್ರೀಮನ್ ಇದ್ದರು. ಟೇಲರ್ 176ಕ್ಕೆ ನಿಂತರು. ಇದರಿಂದ ಏಮ್ಸ್ ಹೆಚ್ಚು, ಟೇಲರ್ ಕಡಿಮೆ ಎಂದು ತೀರ್ಮಾನಿಸುವಂತಿಲ್ಲ. ಕೀಪರ್‌ನ ಅಂಕಿ-ಅಂಶವನ್ನು ಅರ್ಧ ಬರೆಯುವವರು ಅವನ ಬೌಲರ್‌ಗಳು. 1963ರಲ್ಲಿ, 22ರ ವಯಸ್ಸಿನ ಸುಮಾರಿಗೆ, ಟೇಲರ್ ಚೆಸ್ಟರ್‌ಫೀಲ್ಡ್‌ನಲ್ಲಿ ಹ್ಯಾಂಪ್‌ಷೈರ್ ವಿರುದ್ಧ ಒಂದೇ ಪಂದ್ಯದಲ್ಲಿ ಹತ್ತು ಕ್ಯಾಚ್ ಹಿಡಿದಿದ್ದರು. ಮುಂಬೈಯ ಹತ್ತಕ್ಕೆ ಹದಿನೇಳು ವರ್ಷ ಮೊದಲೇ ಡರ್ಬಿಷೈರ್‌ನಲ್ಲಿ ಅದರ ಪೂರ್ವಾಭ್ಯಾಸ ನಡೆದಿತ್ತು.

ಹಾಗಿದ್ದರೆ ಇಷ್ಟು ಒಳ್ಳೆಯ ಕೀಪರ್ ಇಂಗ್ಲೆಂಡ್ ತಂಡಕ್ಕೆ ಬೇಗ ಏಕೆ ಬರಲಿಲ್ಲ? ಕಾರಣದ ಹೆಸರು ಅಲನ್ ನಾಟ್. ಕೆಂಟ್‌ನ ನಾಟ್ ಟೇಲರ್‌ಗಿಂತ ಐದು ವರ್ಷ ಕಿರಿಯರು, 1967ರಲ್ಲೇ ಟೆಸ್ಟ್‌ಗೆ ಬಂದರು, 95 ಟೆಸ್ಟ್ ಆಡಿದರು, ಐದು ಶತಕ ಹೊಡೆದರು, ಸರಾಸರಿ 32.75. 1970–71ರ ಆಸ್ಟ್ರೇಲಿಯ ಪ್ರವಾಸಕ್ಕೆ ಟೇಲರ್ ಮೀಸಲು ಕೀಪರ್ ಆಗಿ ಹೋದರು. ಅಲ್ಲಿಂದ ನ್ಯೂಜಿಲೆಂಡ್‌ಗೆ ಬಂದಾಗ ನಾಟ್‌ಗೆ ವಿಶ್ರಾಂತಿ ಕೊಟ್ಟು ಕ್ರೈಸ್ಟ್‌ಚರ್ಚ್ ಟೆಸ್ಟ್‌ನಲ್ಲಿ ಇವರನ್ನು ಆಡಿಸಿದರು. ಮುಂದಿನ ಟೆಸ್ಟ್‌ಗೆ ನಾಟ್ ಮರಳಿದರು. ಟೇಲರ್ ಅವರ ಎರಡನೆಯ ಟೆಸ್ಟ್ ಬಂದದ್ದು 1977ರ ಡಿಸೆಂಬರ್‌ನಲ್ಲಿ, ಲಾಹೋರ್‌ನಲ್ಲಿ. ಅಷ್ಟು ಹೊತ್ತಿಗೆ ನಾಟ್ ಆಸ್ಟ್ರೇಲಿಯದ ಉದ್ಯಮಿ ಕೆರಿ ಪ್ಯಾಕರ್ ಅವರ ಖಾಸಗಿ ಸರಣಿಗೆ ಸಹಿ ಹಾಕಿ ಇಂಗ್ಲೆಂಡ್ ತಂಡದಿಂದ ಹೊರಗಿದ್ದರು, ಕುರ್ಚಿ ತೆರವಾಗಿತ್ತು, ಟೇಲರ್‌ಗೆ 36 ವರ್ಷ ತುಂಬಿತ್ತು. ಉಳಿದ 56 ಟೆಸ್ಟ್‌ಗಳೂ ಆ ವಯಸ್ಸಿನ ನಂತರವೇ ಆಡಿದವು. ಕೊನೆಯದನ್ನು 1984ರಲ್ಲಿ, 42ರ ಹರೆಯದಲ್ಲಿ ಆಡಿದರು.

ನಾಟ್ ಅವರನ್ನು ಆಯ್ದದ್ದು ಅನ್ಯಾಯವೆಂದು ನಾನು ಹೇಳಲಾರೆ. ಅವರು ಬ್ಯಾಟ್ ಬೀಸಬಲ್ಲ ಸಾಮಾನ್ಯ ಕೀಪರ್ ಆಗಿರಲಿಲ್ಲ, ಕೀಪಿಂಗ್‌ನಲ್ಲೂ ಮಹಾ ಪ್ರತಿಭೆಯೇ. ಅಷ್ಟು ಸಮನಾದ ಇಬ್ಬರಲ್ಲಿ ಎರಡು ಪಟ್ಟು ರನ್ ಗಳಿಸುವವನನ್ನು ಆರಿಸುವ ಆಯ್ಕೆಗಾರನ ಮೇಲೆ ತಪ್ಪು ಹೊರಿಸುವುದು ಕಷ್ಟ. ಗ್ಲೌಸ್ ಕೆಲಸವನ್ನಷ್ಟೇ ತಕ್ಕಡಿಗೆ ಹಾಕಿದರೆ ನನ್ನ ಮತ ಟೇಲರ್ ಅವರಿಗೆ, ಅದರಲ್ಲೂ ಸ್ಟಂಪ್ ಬಳಿ ನಿಂತಾಗ. ಗಮನಿಸಬೇಕಾದದ್ದು ಏನೆಂದರೆ, ಆ ಏಳು ವರ್ಷ ಕೌಂಟಿ ಅವರನ್ನು ಕಾಪಾಡಿತು. ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳಿಲ್ಲದಿದ್ದರೆ 29ರಲ್ಲಿ ಒಂದು ಟೆಸ್ಟ್ ಆಡಿ ಕೂತವರ ಕೈ 36ರಲ್ಲಿ ಅಷ್ಟೇ ಮೃದುವಾಗಿ ಉಳಿಯುತ್ತಿರಲಿಲ್ಲ. ಮೀಸಲು ಆಟಗಾರನೆಂದರೆ ನೀರಿನ ಬಾಟಲಿ ಹೊತ್ತು ತಿರುಗುವವನು ಎಂಬ ಇಂದಿನ ಚಿತ್ರ ಅವರಿಗೆ ಒಪ್ಪುವುದಿಲ್ಲ.

ಆ ಕೌಂಟಿಯ ಜವಾಬ್ದಾರಿಯೂ ಅವರ ಹೆಗಲೇರಿತು. 1975ರಲ್ಲಿ ಡರ್ಬಿಷೈರ್‌ನ ನಾಯಕರಾದರು. ಪ್ರತಿ ಎಸೆತಕ್ಕೂ ಪೂರ್ಣ ಗಮನ ಬೇಡುವ ಕೆಲಸದ ಜೊತೆಗೆ ಬೌಲಿಂಗ್ ಬದಲಾವಣೆ, ಫೀಲ್ಡ್ ಹೊಂದಿಕೆ, ತಂಡದೊಳಗಿನ ಅಸಮಾಧಾನಗಳನ್ನು ತೂಗಿಸುವುದು ಯಾವ ಕೀಪರ್‌ಗೂ ಸುಲಭವಲ್ಲ. 1976ರ ನಡುವೆ ಆ ಹೊಣೆ ದಕ್ಷಿಣ ಆಫ್ರಿಕಾದ ಎಡ್ಡಿ ಬಾರ್ಲೋ ಅವರಿಗೆ ಹೋಯಿತು. ಮರುವರ್ಷವೇ ಕ್ರಿಕೆಟ್ ವಾರ್ಷಿಕ ಗ್ರಂಥ ವಿಸ್ಡನ್ ಟೇಲರ್ ಅವರನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರೆಂದು ಗೌರವಿಸಿತು.

ಇನ್ನು ಬ್ಯಾಟಿಂಗ್. ಪ್ರಥಮ ದರ್ಜೆಯಲ್ಲಿ 12,065 ರನ್, ಸರಾಸರಿ 16.92, ಇಡೀ ಬದುಕಿನಲ್ಲಿ ಒಂದೇ ಶತಕ: 1981ರಲ್ಲಿ ಶೆಫೀಲ್ಡ್‌ನಲ್ಲಿ ಯಾರ್ಕ್‌ಷೈರ್ ವಿರುದ್ಧ ಸರಿಯಾಗಿ 100. ಟೆಸ್ಟ್‌ನಲ್ಲಿ ಅತ್ಯಧಿಕ 97. ಆ 97 ಬಂದದ್ದು 1979ರ ಅಡಿಲೇಡ್ ಟೆಸ್ಟ್‌ನ ಎರಡನೆಯ ಇನಿಂಗ್ಸ್‌ನಲ್ಲಿ. ಇಂಗ್ಲೆಂಡ್ ಕುಸಿಯುವ ಸ್ಥಿತಿಯಲ್ಲಿದ್ದಾಗ ತಮ್ಮದೇ ಕೌಂಟಿಯ ಜೆಫ್ ಮಿಲ್ಲರ್ ಜೊತೆ ಏಳನೆಯ ವಿಕೆಟ್‌ಗೆ 135 ಸೇರಿಸಿದರು. ಆ ಪಂದ್ಯವನ್ನು ಇಂಗ್ಲೆಂಡ್ 205 ರನ್‌ಗಳಿಂದ ಗೆದ್ದಿತು. ಶತಕಕ್ಕೆ ಮೂರು ರನ್ ಬಾಕಿಯಿರುವಾಗ ಅವರು ಔಟಾದ ಬಗೆ ಕೀಪರ್‌ಗೆ ಕ್ಯಾಚ್.

ಸರಾಸರಿ ಕಡಿಮೆಯಿದ್ದರೂ ಅವರನ್ನು ಉಳಿಸಿಕೊಂಡದ್ದು ಏಕೆಂಬುದಕ್ಕೆ 1981ರ ಹೆಡಿಂಗ್ಲಿ ಟೆಸ್ಟ್ ಸಾಕ್ಷಿ. ಫಾಲೋ ಆನ್ ಪಡೆದ, ಅಂದರೆ ಮೊದಲ ಇನಿಂಗ್ಸ್‌ನಲ್ಲಿ ತೀರ ಹಿಂದುಳಿದು ಮತ್ತೆ ಬ್ಯಾಟಿಂಗ್‌ಗೆ ಇಳಿಯಬೇಕಾದ ಇಂಗ್ಲೆಂಡ್ ಬಾಥಮ್ ಅವರ 149ರಿಂದ ಚೇತರಿಸಿಕೊಂಡು, ಆಸ್ಟ್ರೇಲಿಯಕ್ಕೆ ಬರೇ 130 ರನ್ ಗುರಿ ಕೊಟ್ಟು, 18 ರನ್‌ಗಳಿಂದ ಗೆದ್ದ ಪಂದ್ಯ ಅದು. ಬಾಥಮ್ ಬ್ಯಾಟಿಂಗ್, ಬಾಬ್ ವಿಲ್ಲಿಸ್ ಅವರ 43ಕ್ಕೆ 8 ಎಲ್ಲರಿಗೂ ಗೊತ್ತು. ಕೊನೆಯ ಇನಿಂಗ್ಸ್‌ನ ಸ್ಕೋರ್ ಪಟ್ಟಿಯಲ್ಲಿ ನಾಲ್ಕು ಕಡೆ ಕ್ಯಾಚ್ ಹಿಡಿದವರ ಜಾಗದಲ್ಲಿ ಟೇಲರ್ ಹೆಸರಿದೆ. ಅಂದು ಅದರಲ್ಲಿ ಒಂದು ನೆಲಕ್ಕೆ ಬಿದ್ದಿದ್ದರೂ ಆ ಪಂದ್ಯವನ್ನು ನಾವು ಇಂದು ಬೇರೆ ರೀತಿಯಲ್ಲಿ ನೆನೆಯುತ್ತಿದ್ದೆವು. ಕೀಪರ್ ತಂಡಕ್ಕೆ ಉಳಿಸಿಕೊಡುವ ರನ್ ಯಾವ ಕೋಷ್ಟಕದಲ್ಲೂ ಬರುವುದಿಲ್ಲ ಎಂದು ನಾನು ಹುಡುಗರಿಗೆ ಹೇಳುವಾಗ ಈ ಸ್ಕೋರ್ ಪಟ್ಟಿಯನ್ನೇ ತೋರಿಸುತ್ತೇನೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡರ್ಬಿಷೈರ್ ಲಾರ್ಡ್ಸ್‌ನಲ್ಲಿ ಮೊದಲ ನ್ಯಾಟ್‌ವೆಸ್ಟ್ ಟ್ರೋಫಿಯ ಫೈನಲ್ ಆಡಿತು. ನಾರ್ಥಾಂಪ್ಟನ್‌ಷೈರ್ 235ಕ್ಕೆ 9. ಡರ್ಬಿಷೈರ್ ಕೊನೆಯ ಎಸೆತದಲ್ಲಿ ಒಂದು ರನ್ ಓಡಿ 235ಕ್ಕೆ 6. ರನ್ ಸಮ, ಕಡಿಮೆ ವಿಕೆಟ್ ಕಳೆದುಕೊಂಡದ್ದರಿಂದ ಡರ್ಬಿಷೈರ್‌ಗೆ ಕಪ್. ಇಪ್ಪತ್ತು ವರ್ಷ ಆ ಕೌಂಟಿಗೆ ದುಡಿದವರಿಗೆ ಈ ಒಂದು ಕಪ್ ಸಿಕ್ಕಿತಲ್ಲ ಎಂದು ನನಗೆ ಇಂದಿಗೂ ಸಂತೋಷವಾಗುತ್ತದೆ.

ಇಂದು ಟೇಲರ್ ಅಂಥವರಿಗೆ 57 ಟೆಸ್ಟ್ ಸಿಗುತ್ತಿತ್ತೇ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಪ್ರಶ್ನೆಯೊಳಗೆ ಅದು ಅಡಗಿದೆ. ಸಿಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಟೇಲರ್ ನಂತರದ ಪೀಳಿಗೆಯಲ್ಲಿ ಗ್ಲಾಸ್ಟರ್‌ಷೈರ್‌ನ ಜ್ಯಾಕ್ ರಸೆಲ್ ಅದೇ ಮಟ್ಟದ ಕೀಪರ್. 1995ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹನ್ನೊಂದು ಕ್ಯಾಚ್ ಹಿಡಿದು ಟೇಲರ್ ಅವರ ಹತ್ತರ ದಾಖಲೆ ಮುರಿದವರೂ ಅವರೇ. ಬ್ಯಾಟಿಂಗ್‌ನಲ್ಲಿ ಟೇಲರ್‌ಗಿಂತ ಎಷ್ಟೋ ಮೇಲಿದ್ದ ರಸೆಲ್ ಅವರನ್ನು ಕೂಡ ಒಬ್ಬ ದಾಂಡಿಗನಿಗೆ ಹೆಚ್ಚುವರಿ ಜಾಗ ಮಾಡಿಕೊಡಲೆಂದು ಮತ್ತೆ ಮತ್ತೆ ಕೈಬಿಟ್ಟು, ಅಲೆಕ್ ಸ್ಟುವರ್ಟ್ ಕೈಗೆ ಗ್ಲೌಸ್ ಕೊಟ್ಟರು. ನಮ್ಮಲ್ಲೂ ಏಕದಿನ ಪಂದ್ಯಗಳಲ್ಲಿ ಇದೇ ಲೆಕ್ಕದ ಮೇಲೆ ರಾಹುಲ್ ದ್ರಾವಿಡ್ ಕೀಪಿಂಗ್ ಮಾಡಬೇಕಾಯಿತು; 2003ರ ವಿಶ್ವಕಪ್‌ನ ಉದ್ದಕ್ಕೂ ಅವರೇ ಕೀಪರ್. ಆ ಲೆಕ್ಕ ಏಕದಿನದಲ್ಲಿ ಒಪ್ಪತಕ್ಕದ್ದೇ. ಐದು ದಿನದ ಪಂದ್ಯದಲ್ಲಿ ಮಾತ್ರ, ಅದರಲ್ಲೂ ಚೆಂಡು ತಿರುಗುವ ನೆಲದಲ್ಲಿ, ಪೂರ್ಣಪ್ರಮಾಣದ ಕೀಪರ್‌ನನ್ನು ಬಿಡುವುದು ದುಬಾರಿ ಎಂಬ ನನ್ನ ನಂಬಿಕೆ ಬದಲಾಗಿಲ್ಲ.

ಕೊನೆಯದಾಗಿ ಒಂದು ಪ್ರಸಂಗ. 1986ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್. ರಿಚರ್ಡ್ ಹ್ಯಾಡ್ಲಿ ಎಸೆತ ತಲೆಗೆ ಬಡಿದು ಇಂಗ್ಲೆಂಡ್ ಕೀಪರ್ ಬ್ರೂಸ್ ಫ್ರೆಂಚ್ ಫೀಲ್ಡಿಂಗ್‌ಗೆ ಇಳಿಯುವಂತಿರಲಿಲ್ಲ. ಮೊದಲ ಕೆಲವು ಓವರ್ ಬಿಲ್ ಆಥೀ ಹೇಗೋ ನಿಭಾಯಿಸಿದರು. ನಿವೃತ್ತರಾಗಿ ಎರಡು ವರ್ಷ ಕಳೆದಿದ್ದ ಟೇಲರ್ ಅಂದು ಪ್ರಾಯೋಜಕರ ಅತಿಥಿಗಳನ್ನು ನೋಡಿಕೊಳ್ಳುತ್ತ ಮೈದಾನದಲ್ಲೇ ಇದ್ದರು. ನ್ಯೂಜಿಲೆಂಡ್ ನಾಯಕ ಜೆರೆಮಿ ಕೋನಿ ಸಮ್ಮತಿಸಿದ್ದರಿಂದ, ಹಿಂದಿನ ವಾರವಷ್ಟೇ 45 ತುಂಬಿದ್ದ ಟೇಲರ್ ಬಿಳಿ ಬಟ್ಟೆ ತೊಟ್ಟು ಗ್ಲೌಸ್ ಹಾಕಿಕೊಂಡು ಸ್ಟಂಪ್ ಹಿಂದೆ ಬಂದು ಕೂತರು. ಆಡುವುದನ್ನು ಒಂದು ದಿನವೂ ಬಿಟ್ಟಿರಲಿಲ್ಲವೇನೋ ಎಂಬಂತೆ ಅಂದಿನ ಆಟ ಮುಗಿಯುವವರೆಗೂ ಕೀಪಿಂಗ್ ಮಾಡಿದರು. ಮರುದಿನ ಹ್ಯಾಂಪ್‌ಷೈರ್‌ನ ಬಾಬಿ ಪಾರ್ಕ್ಸ್ ಬಂದರು, ಟೇಲರ್ ಗ್ಲೌಸ್ ಕಳಚಿ ಅತಿಥಿಗಳ ಬಳಿಗೆ ಮರಳಿದರು.